ಬೂದಿಯ ವಂಶಾವಳಿ

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎಂದು ನಮ್ಮ ಕಡೆ ಒಂದು ಕಟ್ಟಳೆ ಇದೆ. ಆದರೆ ಅವರ ಕಥೆ ಹೇಳಲು ಕೂತ ಮೇಲೆ ಹೆಸರು ನುಂಗಿಕೊಂಡು ಎಷ್ಟು ಹೊತ್ತು ಹೇಳಲಾದೀತು? ನಾಗೇಂದ್ರಪ್ಪ. ಹೇಳಿಬಿಟ್ಟೆ, ಆಕಾಶವೇನೂ ಕಳಚಿ ಬೀಳಲಿಲ್ಲ. ನಾನು ಕಾಟಮ್ಮ, ಅವರ ಹೆಂಡತಿ. ಚಳ್ಳಕೆರೆ ಸೀಮೆಯ ತಳಕಿನಿಂದ ಎರಡು ಮೈಲಿ ಆಚೆ, ಹೊಲದಲ್ಲೇ ನಮ್ಮ ಮನೆ. ಶೇಂಗಾ ಬೆಳೆಯುವ ನೆಲ, ನೂರಿಪ್ಪತ್ತು ಕುರಿ, ಅವುಗಳನ್ನು ಕೂಡಲು ಜಾಲಿಮುಳ್ಳಿನ ಬೇಲಿ ಕಟ್ಟಿದ ರೊಪ್ಪ, ಒಬ್ಬಳೇ ಮಗಳು ನಾಗರತ್ನ. ಮತ್ತೆ ಬೂದಿ.

ಬೂದಿ ನಮ್ಮ ಕುರಿ ಕಾಯುವ ಹೆಣ್ಣುನಾಯಿ. ನಮ್ಮ ಎಂದರೆ ನನ್ನದು. ಗೌರಸಮುದ್ರದ ನನ್ನ ತವರಿನ ಹೆಂಗಸರಲ್ಲಿ ಒಂದು ಪದ್ಧತಿ ನಡೆದುಬಂದಿದೆ. ಮದುವೆಯಾಗಿ ಹೋಗುವ ಮಗಳ ಜೊತೆ, ತಾಯಿ ಸಾಕಿದ ನಾಯಿಯ ಒಂದು ಹೆಣ್ಣುಮರಿಯೂ ಹೋಗಬೇಕು. ಅದನ್ನು ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಆ ಮರಿ ಬೆಳೆಯುವುದು ರೊಪ್ಪದೊಳಗೆ, ಕುರಿಮರಿಗಳ ನಡುವೆ. ಮರಿ ಸತ್ತ ಕುರಿ ಇದ್ದರೆ ಅದರ ಮೊಲೆಗೇ ಹಚ್ಚುತ್ತೇವೆ. ಯಾರೂ ಎತ್ತಿ ಮುದ್ದು ಮಾಡುವಂತಿಲ್ಲ, ಮನೆಯೊಳಗೆ ಕರೆಯುವಂತಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಅದಕ್ಕೆ ಕುರಿಗಳೇ ಬಂಧುಬಳಗ. ಆಮೇಲೆ ತೋಳ ಬಂದರೆ ಅದು ನಮ್ಮ ಅನ್ನದ ಋಣಕ್ಕೆಂದು ಹೊಡೆದಾಡುವುದಿಲ್ಲ, ತನ್ನ ಮನೆಮಂದಿಗಾಗಿ ಹೊಡೆದಾಡುತ್ತದೆ.

ಗಂಡುನಾಯಿಯನ್ನು ಆರಿಸುವವರೂ ಹೆಂಗಸರೇ. ಅದರ ಬಣ್ಣ, ಕಿವಿ, ಬಾಲ ನಾವು ನೋಡುವುದಿಲ್ಲ. ಕುರಿ ಈಯುವಾಗ ಪಕ್ಕದಲ್ಲೇ ಮಲಗಿದ್ದರೂ ಎಳೆಮರಿಗೆ ಮೂಗು ಸಹ ತಾಗಿಸದ ಗಂಡು ಯಾರ ಮಂದೆಯಲ್ಲಿದೆ ಎಂದು ವಿಚಾರಿಸುತ್ತೇವೆ. ನಮ್ಮ ನಾಯಿ ಬೆದೆಗೆ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಅಷ್ಟೇ ನಮ್ಮ ಶಾಸ್ತ್ರ.

ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಬೂದಿಗೆ ಎಂಟು ವರ್ಷ ತುಂಬಿತ್ತು. ಹಿಂದಿನ ಎರಡು ಸೂಲಿನಲ್ಲಿ ಹುಟ್ಟಿದ ಹೆಣ್ಣುಮರಿಗಳಲ್ಲಿ ಒಂದನ್ನು ಹಾವು ಕಚ್ಚಿತು, ಇನ್ನೊಂದು ಹೈವೇಯಲ್ಲಿ ಲಾರಿಗೆ ಸಿಕ್ಕಿತು. ಬೂದಿಯ ಹಲ್ಲು ಸವೆದಿತ್ತು. ಇನ್ನು ಒಂದೇ ಸೂಲು, ಹೆಚ್ಚೆಂದರೆ. ಅದೇ ವರ್ಷ ನಾಗರತ್ನನಿಗೆ ಮೊಳಕಾಲ್ಮೂರು ಕಡೆಯ ಗಂಡು ಗೊತ್ತಾಯಿತು. ಗುಡ್ಡದ ಸೆರಗಿನಲ್ಲಿ ಕುರಿ ಕಟ್ಟಿಕೊಂಡಿದ್ದ ಮನೆ. ಹುಡುಗನ ತಾಯಿ ಮಂಜಮ್ಮ ಕನ್ನಡಕ್ಕಿಂತ ತೆಲುಗು ಹೆಚ್ಚು ಮಾತಾಡುವ ಹೆಂಗಸು. ಮಾತುಕತೆಗೆ ಬಂದವಳು ಚಿನ್ನ ಕೇಳಲಿಲ್ಲ, ವಾಚು ಕೇಳಲಿಲ್ಲ. ರೊಪ್ಪದ ಬಾಗಿಲಲ್ಲಿ ಮಲಗಿದ್ದ ಬೂದಿಯನ್ನು ನೋಡುತ್ತ, "ಕುಕ್ಕಪಿಲ್ಲ ಇಸ್ತಾರಾ ವದಿನಾ?" ಎಂದಳು. ಆ ವರ್ಷ ಅವರ ಹನ್ನೊಂದು ಕುರಿಮರಿಗಳನ್ನು ತೋಳ ಎತ್ತಿಕೊಂಡು ಹೋಗಿತ್ತು. ನಾಯಿಮರಿ ಕೊಡುತ್ತೇನೆ ಎಂದು ನಾನು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಮದುವೆ ಫಾಲ್ಗುಣಕ್ಕೆ ನಿಂತಿತು.

ಕಾರ್ತಿಕದಲ್ಲಿ ಬೂದಿ ಬೆದೆಗೆ ಬಂದಳು. ಲೆಕ್ಕ ಸರಿಯಾಗಿತ್ತು. ಪುಷ್ಯದಲ್ಲಿ ಮರಿ ಹಾಕಿದರೆ ಫಾಲ್ಗುಣಕ್ಕೆ ಬುಟ್ಟಿಯಲ್ಲಿ ಕೂರುವಷ್ಟಾಗುತ್ತದೆ. ನನ್ನ ತಮ್ಮ ಪಾಲಾಕ್ಷ ಅದೇ ವಾರ ನಮ್ಮ ಮಗ್ಗುಲ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದ. ಅವನ ಮಂದೆಯ ಮೊಂಡ ಎಂಬ ಗಂಡುನಾಯಿಗೆ ಒಂದು ಕಿವಿ ಇಲ್ಲ, ತೋಳ ತಿಂದಿತ್ತು. ಮುಖದಲ್ಲಿ ಅರ್ಧ ಬಿಳಿ, ಅರ್ಧ ಕಪ್ಪು. ನೋಡಲು ಅಧ್ವಾನ, ಗುಣದಲ್ಲಿ ಬಂಗಾರ. ನಾನು ಮನಸ್ಸಿನಲ್ಲೇ ಅದನ್ನು ಗೊತ್ತುಮಾಡಿಕೊಂಡಿದ್ದೆ.

ಅಷ್ಟರಲ್ಲಿ ನಮ್ಮ ಯಜಮಾನರು ಶೇಂಗಾ ಮಾರಲು ಚಳ್ಳಕೆರೆಗೆ ಹೋದರು. ಅಲ್ಲಿ ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪ ಒಂದು ಜಾತಿ ನಾಯಿ ತಂದಿಟ್ಟುಕೊಂಡಿದ್ದರು. ಅದರ ಹೆಸರು ಪ್ರಿನ್ಸ್. ಸಂಜೆ ಮನೆಗೆ ಬಂದವರು ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೇ ಬಂದರು.

"ಲೇ, ಅದು ಕೈ ಕೊಡ್ತು ಕಣೇ!"

"ಯಾರ್ರೀ?"

"ನಾಯಿ! ಶೇಕ್ ಹ್ಯಾಂಡ್ ಅಂದ್ರೆ ಮುಂಗಾಲೆತ್ತಿ ನನ್ನ ಕೈಮ್ಯಾಲೆ ಇಟ್ತು. ಸಿಟ್ ಅಂದ್ರೆ ಕೂರ್ತೈತೆ. ಇಂಗ್ಲಿಷ್ ಬರ್ತೈತೆ ಅದಕ್ಕೆ."

"ತೋಳ ಬಂದ್ರೂ ಹಂಗೇ ಕೈ ಕೊಡ್ತೈತೇನು?"

ಅವರಿಗೆ ಕೇಳಿಸಲಿಲ್ಲ. ನಲವತ್ತೈದು ವರ್ಷದಲ್ಲಿ ಚಳ್ಳಕೆರೆಯ ಯಾವ ಆಫೀಸಿನಲ್ಲೂ ಯಾರೂ ಅವರ ಕೈ ಕುಲುಕಿರಲಿಲ್ಲ. ಕೊನೆಗೆ ಒಂದು ನಾಯಿ ಕುಲುಕಿತು. ಮನುಷ್ಯ ಮರುಳಾಗದೆ ಏನು ಮಾಡಿಯಾನು? ಬೂದಿಗೆ ಪ್ರಿನ್ಸೇ ಆಗಬೇಕು, ಹುಟ್ಟುವ ಮರಿಗಳನ್ನು ನೋಡಲು ಜನ ಕಾರಿನಲ್ಲಿ ಬರಬೇಕು ಎಂದು ಉಣ್ಣುತ್ತಲೇ ತೀರ್ಮಾನ ಮಾಡಿದರು. ಮಗಳಿಗೆ ಗಂಡು ನೋಡುವಾಗ ಒಂದು ಎಲೆಅಡಿಕೆ ಹಾಕುವಷ್ಟು ಹೊತ್ತಿನಲ್ಲಿ ಹೂಂ ಅಂದಿದ್ದ ಮನುಷ್ಯ, ನಾಯಿಯ ಸಂಬಂಧಕ್ಕೆ ರಾತ್ರಿಯಿಡೀ ಹೊರಳಾಡಿದರು.

ನಾನು ಹೇಳಿ ನೋಡಿದೆ. ಬಿಸ್ಕತ್ತು ತಿಂದು ಫ್ಯಾನಿನ ಕೆಳಗೆ ಮಲಗುವ ನಾಯಿಯ ಮಕ್ಕಳು ಗುಡ್ಡದ ಸೆರಗಿನಲ್ಲಿ ಏನು ಕಾಯುತ್ತವೆ? ಮಂಜಮ್ಮನಿಗೆ ಕೊಟ್ಟ ಮಾತು ಏನಾಗುತ್ತದೆ? ಇದು ಬೂದಿಯ ಕಡೆಯ ಸೂಲು, ಇದು ಕೆಟ್ಟರೆ ನನ್ನ ಅವ್ವನಿಂದ ಬಂದ ನಾಯಿಯ ತಳಿ ಇಲ್ಲಿಗೇ ನಿಂತುಹೋಗುತ್ತದೆ ಎಂದೆ. "ನಿನಗೇನ್ ಗೊತ್ತೈತೆ, ಸುಮ್ಕಿರು" ಎಂದರು. ಅದು ಅವರು ನನಗೆ ವಾಡಿಕೆಯಾಗಿ ಕೊಡುವ ಉತ್ತರ.

ಮರುದಿನ ಸಂಬಂಧ ಕೇಳಲು ಹೋದರು. ಜಂಬುಲಿಂಗಪ್ಪನವರು ಗೋಡೆಯ ಕಡೆ ತೋರಿಸಿದರಂತೆ. ಅಲ್ಲಿ ಲಕ್ಷ್ಮಿಯ ಫೋಟೋದ ಪಕ್ಕದಲ್ಲಿ, ಕಟ್ಟುಹಾಕಿಸಿ ಹೂವು ಮುಡಿಸಿದ ಪ್ರಿನ್ಸನ ಸರ್ಟಿಫಿಕೇಟು. ಅದರ ಅಪ್ಪ ಯಾರು, ಅಜ್ಜ ಯಾರು, ಮುತ್ತಜ್ಜ ಯಾರು, ಮೂರು ತಲೆಮಾರು ಟೈಪು ಮಾಡಿತ್ತು.

"ನಿಮ್ಮ ಹೆಣ್ಣಿನ ಕಡೆ ಕಾಗದ ಏನೈತೆ ನಾಗೇಂದ್ರಪ್ಪ? ಅದನ್ನ ತಗಂಬಾ, ಆಮೇಲೆ ಮಾತಾಡಾಣ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ನಮ್ಮವರು ನೇರ ನಾಯಕನಹಟ್ಟಿ ಬಸ್ಸು ಹತ್ತಿ, ಎರಡು ದಿನ ಹುಡುಕಿ, ಹೆಳವರ ಚಿಕ್ಕಬಸಪ್ಪನನ್ನು ಕರೆದುಕೊಂಡು ಬಂದರು.

ಹೆಳವರು ಎಂದರೆ ಮನೆಮನೆಯ ವಂಶ ಹೇಳುವವರು. ಚಿಕ್ಕಬಸಪ್ಪನ ಅಪ್ಪ ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು ಬರುತ್ತಿದ್ದ. ಇವನು ಮೊಪೆಡ್ಡಿನಲ್ಲಿ ಬರುತ್ತಾನೆ. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬಂದು, ಕೆಂಪು ಬಟ್ಟೆಯ ಗಂಟು ಬಿಚ್ಚಿ, ಪುಸ್ತಕ ತೆಗೆದು ರಾಗವಾಗಿ ಓದುತ್ತಾನೆ. "ಪೆದ್ದಣ್ಣನ ಮಗ ಪಾತಣ್ಣ, ಪಾತಣ್ಣನ ಮಗ ಸೂರಪ್ಪ, ಸೂರಪ್ಪನ ಮಗ ನಾಗೇಂದ್ರಪ್ಪ, ನಾಗೇಂದ್ರಪ್ಪ ಗೌರಸಮುದ್ರದಿಂದ ಹೆಣ್ಣು ತಂದ." ಆ ಹೆಣ್ಣು ನಾನು. ಇಪ್ಪತ್ತೊಂದು ವರ್ಷದಿಂದ ಆ ಪುಸ್ತಕದಲ್ಲಿ ನನಗೆ ಹೆಸರಿಲ್ಲ, ಊರು ಮಾತ್ರ ಇದೆ. ಅಷ್ಟು ಓದಿ ಚಿಕ್ಕಬಸಪ್ಪ ನಿಲ್ಲಿಸುತ್ತಾನೆ. ನಮಗೆ ಗಂಡುಮಕ್ಕಳಿಲ್ಲ, ಮುಂದೆ ಓದಲು ಏನೂ ಇಲ್ಲ. ಆ ಹೊತ್ತಿಗೆ ನಮ್ಮವರು ಪ್ರತಿ ವರ್ಷವೂ ಎದ್ದು ಹೋಗಿ ಕೊಟ್ಟಿಗೆಯ ನಮ್ಮ ಎತ್ತಿಗೆ ನೀರು ತೋರಿಸುತ್ತಾರೆ. ಎತ್ತು ಕುಡಿದಿದ್ದರೂ ತೋರಿಸುತ್ತಾರೆ. ಅದನ್ನು ನೋಡಿದಾಗ ಮಾತ್ರ ನನಗೆ ಅವರ ಮೇಲೆ ಕನಿಕರ ಬರುತ್ತದೆ.

ಚಿಕ್ಕಬಸಪ್ಪ ಬಂದದ್ದು ಬೂದಿ ಬೆದೆಗೆ ಬಂದ ಒಂಬತ್ತನೆಯ ದಿನ. ಹೆಣ್ಣುನಾಯಿ ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದು ಅಲ್ಲಿಂದ ನಾಲ್ಕೈದು ದಿನ ಮಾತ್ರ. ಇದು ಕುರಿ ಸಾಕುವ ಎಲ್ಲರಿಗೂ ಗೊತ್ತು. ನಮ್ಮವರಿಗೂ ಗೊತ್ತಿತ್ತು. ಆದರೆ ಕಾಗದದ ಗುಂಗು ಹಿಡಿದವರಿಗೆ ಕಣ್ಣೆದುರಿನ ನಾಯಿ ಕಾಣುವುದಿಲ್ಲ.

ನಾಯಿಯ ವಂಶ ಬರೆಯಬೇಕು ಎಂದಾಗ ಚಿಕ್ಕಬಸಪ್ಪ ಮೊದಲು ನಕ್ಕ. ಆಮೇಲೆ ನಮ್ಮವರ ಮುಖ ನೋಡಿ ನಗು ನಿಲ್ಲಿಸಿ, ಜಗಲಿಯ ಮೇಲೆ ಕಂಬಳಿ ಹಾಸಿಸಿ ಕೂತು, ಪೆನ್ನಿನ ಮುಚ್ಚಳ ತೆಗೆದ.

"ಹೇಳ್ರಿ ಯಜಮಾನ್ರೆ. ಬೂದಿ ತಾಯಿ ಯಾರು?"

ನಮ್ಮವರು ತಲೆ ಕೆರೆದುಕೊಂಡರು. "ಅದು... ಇನ್ನೊಂದು ನಾಯಿ ಇತ್ತಲ್ಲ. ಲೇ, ಏನೇ ಅದರ ಹೆಸರು?"

ನಾನು ಒಳಗಿನಿಂದಲೇ ಹೇಳಿದೆ. ಬೂದಿಯ ತಾಯಿ ಮಚ್ಚೆ. ಮಚ್ಚೆಯ ತಾಯಿ ಕೆಂಚಿ. ಕೆಂಚಿ ನನ್ನ ಮದುವೆಯಲ್ಲಿ ನನ್ನ ಜೊತೆ ಬಂದದ್ದು, ನಮ್ಮ ಅವ್ವ ನಾಗಕ್ಕನ ಮನೆಯಿಂದ. ಕೆಂಚಿಯ ತಾಯಿ ಚುಕ್ಕಿ. ಚುಕ್ಕಿಯ ತಾಯಿ ಬೆಳ್ಳಿ, ನಮ್ಮ ಅವ್ವ ಮದುವೆಯಾಗಿ ಬಂದಾಗ ಅವರ ಅವ್ವ ಸಿದ್ದಕ್ಕ ಬುಟ್ಟಿಯಲ್ಲಿಟ್ಟು ಕಳಿಸಿದ್ದು. ಬೆಳ್ಳಿಯ ತಾಯಿ ಹುಲಿಗಿ. ಹುಲಿಗಿಯ ತಾಯಿ ರಾಮಿ, ಸಿದ್ದಕ್ಕನ ತಾಯಿ ಓಬಕ್ಕನ ಮನೆಯದು. ಸಣ್ಣವಳಿದ್ದಾಗ ನಾಯಿಗಳಿಗೆ ಮುದ್ದೆ ಹಾಕುತ್ತ ಅಜ್ಜಿ ನನಗೆ ಇದನ್ನೆಲ್ಲ ಬಾಯಿಪಾಠ ಮಾಡಿಸಿದ್ದಳು. ಏಳು ತಲೆಮಾರಿನ ನಾಯಿ, ನಾಲ್ಕು ತಲೆಮಾರಿನ ಹೆಂಗಸರು.

ಚಿಕ್ಕಬಸಪ್ಪ ಬರೆಯುತ್ತ ಹೋದ. ನಮ್ಮವರು ಇಣುಕಿ ನೋಡಿ ಹುಬ್ಬು ಗಂಟು ಹಾಕಿದರು.

"ಏನಪ್ಪಾ ಇದು, ನಾಯಿ ಪಟ್ಟೀಲಿ ಬರೇ ಹೆಂಗಸರ ಹೆಸರೇ ತುಂಬಿಸ್ತಿದೀಯಾ?"

"ನಾಯಿ ಅವರ ಹಿಂದೆ ಬಂದೈತೆ ಯಜಮಾನ್ರೆ. ನಿಮ್ಮ ಹಿಂದೆ ಬಂದಿದ್ರೆ ನಿಮ್ಮನ್ನ ಬರೀತಿದ್ದೆ."

ಹಾಳೆಯ ಮೇಲೆ ಶಾಯಿ ಇನ್ನೂ ಆರಿರಲಿಲ್ಲ. ನೀರು ಕೊಡುವ ನೆಪದಲ್ಲಿ ಹೊರಗೆ ಬಂದು ನೋಡಿದೆ. ಏಳನೆಯ ಕ್ಲಾಸು ಓದಿದ್ದೇನೆ, ಓದಲು ಬರುತ್ತದೆ. 'ಗೌರಸಮುದ್ರದ ನಾಗಕ್ಕ' ಎಂದಿತ್ತು. ಅವ್ವ ಸತ್ತು ಹನ್ನೊಂದು ವರ್ಷ. ಪಹಣಿಯಲ್ಲಿ ಅವಳ ಹೆಸರಿರಲಿಲ್ಲ, ಲಗ್ನಪತ್ರಿಕೆಗಳಲ್ಲಿ ಅಪ್ಪನ ಹೆಸರಿನ ಹಿಂದೆ ಶ್ರೀಮತಿ ಎಂದಷ್ಟೇ ಇರುತ್ತಿತ್ತು. ಅವಳ ಹೆಸರನ್ನು ಬರಹದಲ್ಲಿ ನಾನು ಕಂಡದ್ದು ಅದೇ ಮೊದಲು, ಅದೂ ನಾಯಿಯ ಪುಣ್ಯದಿಂದ. ನನಗೆ ಅಳು ಬಂತು, ಸಿಟ್ಟೂ ಬಂತು. ಚೊಂಬು ಅಲ್ಲೇ ಇಟ್ಟು ಒಳಗೆ ಹೋದೆ.

ಕೆಲಸ ಒಂದು ದಿನಕ್ಕೆ ಮುಗಿಯಬೇಕಿತ್ತು, ಮೂರು ದಿನ ಹಿಡಿಯಿತು. ಅದಕ್ಕೆ ಕಾರಣ ನಮ್ಮವರೇ. ಜಂಬುಲಿಂಗಪ್ಪನ ಕಾಗದಕ್ಕಿಂತ ಇದು ದೊಡ್ಡದಾಗಬೇಕು ಎಂದು ರಾಮಿಯ ತಾಯಿಯನ್ನು ದುರ್ಗದ ಕೋಟೆಯ ಕಾವಲಿಗೆ ಹಾಕಿಸಿದರು. ಹಾಕಿದ್ದು ಸಾಲದೆಂದು ಅದಕ್ಕೆ ಬೆಳ್ಳಿಯ ಕಡಗ ತೊಡಿಸಿದರು. ಊರ ಗಂಡಸರು ನಾಲ್ಕಾರು ಮಂದಿ ಬಂದು ಕೂತು, ನಾಯಿಗೆ ಇನ್ನೂ ಏನೇನು ಬಿರುದು ಕೊಡಬಹುದು ಎಂದು ಸಲಹೆ ಕೊಟ್ಟರು. ಅವರೆಲ್ಲರಿಗೂ ಮೂರು ದಿನ ಮುದ್ದೆ ತಿರುವಿ ನನ್ನ ರಟ್ಟೆ ಬಿದ್ದುಹೋಯಿತು.

ಎರಡನೆಯ ದಿನ ಮಧ್ಯಾಹ್ನ, ಕಡಗ ಬೆಳ್ಳಿಯದೋ ಹಿತ್ತಾಳೆಯದೋ ಎಂದು ಜಗಲಿಯ ಮೇಲೆ ಜಗಳ ಹತ್ತಿತು. ನಾನು ಹಿತ್ತಲ ಬಾಗಿಲಿನಿಂದ ಹೊರಟು, ಬೂದಿಯನ್ನು ಕರೆದುಕೊಂಡು ಪಾಲಾಕ್ಷನ ಮಂದೆಗೆ ಹೋದೆ.

"ಭಾವಂಗೆ ಗೊತ್ತೈತೇನಕ್ಕಾ?" ಎಂದ ತಮ್ಮ.

"ನಿಮ್ಮ ಭಾವ ನಾಯಿಗೆ ಕಡಗ ಮಾಡಿಸ್ತಾವ್ರೆ. ನೀನು ಮೊಂಡನ್ನ ಬಿಡು."

ಮೊಂಡನಿಗೆ ಸರ್ಟಿಫಿಕೇಟು ಓದಲು ಬರುತ್ತಿರಲಿಲ್ಲ, ಹಾಗಾಗಿ ತಡವಾಗಲಿಲ್ಲ. ಮೂರನೆಯ ದಿನವೂ ಅದೇ ಹೊತ್ತಿಗೆ ಕರೆದುಕೊಂಡು ಹೋಗಿ ಬಂದೆ. ನಾಯಿ ಎಲ್ಲಿ ಎಂದು ಒಬ್ಬ ಗಂಡಸೂ ಕೇಳಲಿಲ್ಲ. ಜಗಲಿಯ ಮೇಲೆ ವಂಶ ಬರೆಯುತ್ತಿದ್ದರು, ಹೊಲದ ಆಚೆ ವಂಶದ ಕೆಲಸ ಮುಗಿದಿತ್ತು.

ಆಮೇಲೆ ನಮ್ಮವರು ಅದನ್ನೆಲ್ಲ ಛಾಪಾ ಕಾಗದದ ಮೇಲೆ ನೀಟಾಗಿ ಬರೆಸಿ ಚಳ್ಳಕೆರೆಗೆ ಒಯ್ದರು. ಜಂಬುಲಿಂಗಪ್ಪನವರು ಎರಡು ಸಲ ಓದಿದರಂತೆ. ತಮ್ಮದು ಮೂರು ತಲೆಮಾರು, ಇದು ಎಂಟು, ಜೊತೆಗೆ ಕಡಗ. ಕುರ್ಚಿ ಹಾಕಿಸಿ ಟೀ ತರಿಸಿದರಂತೆ. ಪಂಚಾಂಗ ನೋಡಿ, ಗುರುವಾರ ರಾಹುಕಾಲ ಬರುವುದರೊಳಗೆ ಪ್ರಿನ್ಸನ್ನು ಕರೆತರುವುದಾಗಿ ಹೇಳಿದರು. ಆ ಗುರುವಾರಕ್ಕೆ ಬೂದಿ ಬೆದೆಗೆ ಬಂದು ಹದಿನೇಳನೆಯ ದಿನ. ನಾನು ಹೂಂ ಎಂದೆ.

ಗುರುವಾರ ಬೆಳಿಗ್ಗೆ ನಮ್ಮವರು ಅಂಗಳ ಗುಡಿಸಿ, ಬಿಸ್ಕತ್ತು ಪೊಟ್ಟಣ ತಂದು ಕಾದರು. ಹತ್ತು ಗಂಟೆಗೆ ಮಾರುತಿ ವ್ಯಾನು ಬಂತು. ಪ್ರಿನ್ಸ್ ಹಿಂದಿನ ಸೀಟಿನಲ್ಲಿ ದಿಂಬಿನ ಮೇಲೆ ಕೂತಿತ್ತು. ಕೆಳಗಿಳಿದು ನಮ್ಮ ಯಜಮಾನರಿಗೆ ಕೈ ಕೊಟ್ಟಿತು. ಅವರ ಮುಖ ಊರಗಲವಾಯಿತು. ನನಗೂ ಕೊಡಲು ಬಂತು, ನನ್ನ ಕೈಯಲ್ಲಿ ಸಗಣಿ ಇತ್ತು.

ಅವತ್ತು ಮುಂಜಾನೆಯೇ ಒಂದು ಕುರಿ ಈದಿತ್ತು. ಮರಿ ಇನ್ನೂ ಒದ್ದೆ, ಕಾಲೂರಲು ಒದ್ದಾಡುತ್ತಿತ್ತು. ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ರಿನ್ಸ್ ಸರಪಳಿ ಕಿತ್ತುಕೊಂಡು ರೊಪ್ಪಕ್ಕೆ ನುಗ್ಗಿ ಮರಿಯ ಹಿಂಗಾಲಿಗೆ ಬಾಯಿ ಹಾಕಿತು.

"ಪ್ರಿನ್ಸ್, ಸಿಟ್! ಸಿಟ್!" ಎಂದು ಜಂಬುಲಿಂಗಪ್ಪನವರು ಕೂಗಿದರು. ನಾಯಿಗೆ ಇಂಗ್ಲಿಷ್ ಮರೆತುಹೋಗಿರಬೇಕು.

ಬೂದಿ ಬೊಗಳಲಿಲ್ಲ. ಮುದುಕಿ ಎದ್ದದ್ದು ಕಂಡಿತು, ಆಮೇಲೆ ಪ್ರಿನ್ಸ್ ಅಂಗಾತ ಬಿದ್ದಿದ್ದು ಕಂಡಿತು. ಅದರ ಕುತ್ತಿಗೆಯ ಮೇಲೆ ಬಾಯಿ ಇಟ್ಟುಕೊಂಡು ನಿಂತಿದ್ದಳು, ಹಲ್ಲು ಊರಿರಲಿಲ್ಲ. ಪ್ರಿನ್ಸ್ ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತು. ನಾನು ಕರೆದ ಮೇಲೆ ಬೂದಿ ಬಿಟ್ಟಳು. ಪ್ರಿನ್ಸ್ ಓಡಿಹೋಗಿ ವ್ಯಾನಿನ ಸೀಟಿನ ಕೆಳಗೆ ಸೇರಿಕೊಂಡಿತು. ಬಿಸ್ಕತ್ತು ತೋರಿಸಿದರೂ ಹೊರಗೆ ಬರಲಿಲ್ಲ.

"ಎಂಥಾ ಕಾಡುನಾಯಿ ರೀ ಇದು! ಎಂಟು ತಲೆಮಾರು ಅಂತ ಬರ್ಕಂಬಂದ್ರೆ ಸಾಕಾ? ಸಂಸ್ಕಾರ ಬ್ಯಾಡ್ವಾ?" ಎಂದು ಜಂಬುಲಿಂಗಪ್ಪನವರು ಹಾರಾಡಿದರು.

ನಮ್ಮವರು ವ್ಯಾನಿನ ಬಾಗಿಲಲ್ಲಿ ಬಗ್ಗಿ, ಕೈಮುಗಿದು, "ತಪ್ಪಾಯ್ತು" ಎಂದರು. ಜಂಬುಲಿಂಗಪ್ಪನವರಿಗೆ ಹೇಳಿದರೋ ನಾಯಿಗೆ ಹೇಳಿದರೋ ನನಗೆ ತಿಳಿಯಲಿಲ್ಲ. ವ್ಯಾನು ಧೂಳೆಬ್ಬಿಸಿಕೊಂಡು ಹೋಯಿತು.

ಅದು ಕಣ್ಮರೆಯಾದ ಮೇಲೆ ಅವರು ರೊಪ್ಪಕ್ಕೆ ಬಂದು, ಮರಿಯ ಕಾಲಿನ ಗಾಯಕ್ಕೆ ತಾವೇ ಅರಿಶಿನ ಮೆತ್ತಿದರು. ಬೂದಿಯ ಹಿಂಭಾಗ ನೋಡಿದರು. ಬೆದೆ ಆರಿತ್ತು. ಆಗ ನೆನಪಾಯಿತು ಮನುಷ್ಯನಿಗೆ, ದಿನ ಎಣಿಸಬೇಕಿತ್ತೆಂದು.

"ಮಗಳು ನಾಗಿಗೆ ಮರಿ ಇಲ್ಲದಂಗೆ ಮಾಡ್ಬಿಟ್ಟೆ ಕಣೇ" ಎಂದರು.

ನಾನು ಬಾಯಿ ಬಿಡಲಿಲ್ಲ. ಒಂದು ತಿಂಗಳು ಕೊರಗಲಿ ಎಂದುಕೊಂಡೆ. ಕೊರಗಿದರು, ಬೂದಿಯ ಹೊಟ್ಟೆ ಕಾಣುವವರೆಗೆ.

ಪುಷ್ಯದಲ್ಲಿ ಬೂದಿ ಐದು ಮರಿ ಹಾಕಿದಳು. ಎರಡು ಹೆಣ್ಣು. ಐದಕ್ಕೂ ಮುಖದಲ್ಲಿ ಅರ್ಧ ಬಿಳಿ, ಅರ್ಧ ಕಪ್ಪು. ನಮ್ಮವರು ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಯಾರವೇ ಇವು?"

"ಬೂದಿಯವು."

ಬೆರಳು ಮಡಿಸಿ ಹಿಂದಕ್ಕೆ ಎಣಿಸಿದರು. ಚಿಕ್ಕಬಸಪ್ಪ ಜಗಲಿಯಲ್ಲಿ ಕೂತಿದ್ದ ದಿನಗಳಿಗೆ ಬಂದು ಬೆರಳು ನಿಂತಿತು. ನನ್ನ ಕಡೆ ನೋಡಿದರು, ಹೊಲದಾಚೆ ನೋಡಿದರು. ಇನ್ನೇನು ಬೈಗುಳ ಬಂತು ಎಂದುಕೊಂಡೆ. ಎದ್ದು ಒಳಗೆ ಹೋಗಿ, ಬಾಣಂತಿಗೆಂದು ಬೆಲ್ಲ ತಂದರು. ಫಾಲ್ಗುಣದಲ್ಲಿ ನಾಗರತ್ನ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಮೊಳಕಾಲ್ಮೂರು ಬಸ್ಸು ಹತ್ತಿದಳು. ಇನ್ನೊಂದು ಹೆಣ್ಣುಮರಿ ನನಗೆ ಉಳಿಯಿತು. ಮಂಜಮ್ಮನ ಮನೆಯಲ್ಲಿ ಆಮೇಲೆ ತೋಳದ ಮಾತು ಕಡಿಮೆಯಾಯಿತು.

ಮಾರನೆಯ ವರ್ಷ ಸುಗ್ಗಿ ಮುಗಿದ ಮೇಲೆ ಚಿಕ್ಕಬಸಪ್ಪ ಎಂದಿನಂತೆ ಬಂದ. ಗಂಟು ಬಿಚ್ಚಿದ. ಪೆದ್ದಣ್ಣನ ಮಗ ಪಾತಣ್ಣ, ಪಾತಣ್ಣನ ಮಗ ಸೂರಪ್ಪ, ಸೂರಪ್ಪನ ಮಗ ನಾಗೇಂದ್ರಪ್ಪ, ಗೌರಸಮುದ್ರದಿಂದ ಹೆಣ್ಣು ತಂದ. ಅಲ್ಲಿಗೆ ಪುಸ್ತಕ ಮುಚ್ಚಿದ. ನಮ್ಮವರು ಎತ್ತಿಗೆ ನೀರು ತೋರಿಸಲು ಎದ್ದರು.

ನಾನು ಒಳಗಿನಿಂದ ಆ ಛಾಪಾ ಕಾಗದ ತಂದು ಚಿಕ್ಕಬಸಪ್ಪನ ಮುಂದಿಟ್ಟೆ. ಕೆಳಗೆ ಬರೆಯಲು ಜಾಗವಿತ್ತು.

"ಬರ್ಕಳ್ಳಿ. ಬೂದಿ ಮಗಳು ಗೌರಿ, ಮೊಳಕಾಲ್ಮೂರು ಸೀಮೆ, ನಾಗರತ್ನನ ಮನೆ. ನಾಗರತ್ನ ಕಾಟಮ್ಮನ ಮಗಳು."

ಅವನು ಬರೆದ. ನಮ್ಮವರು ಎತ್ತಿನ ಹತ್ತಿರ ಹೋಗದೆ ಅಲ್ಲೇ ನಿಂತಿದ್ದರು. ತಮ್ಮ ಪುಸ್ತಕದಲ್ಲಿ ನಿಂತುಹೋದ ಮನೆ ನಾಯಿಯ ಕಾಗದದಲ್ಲಿ ಮುಂದಕ್ಕೆ ಹೋಗುತ್ತಿರುವುದನ್ನು ನೋಡಿದರು.

"ಚಿಕ್ಕಬಸಪ್ಪ, ಅಲ್ಲಿ... ನಾಗರತ್ನ ನಾಗೇಂದ್ರಪ್ಪನ ಮಗಳು ಅಂತಾನೂ ಒಂದು ಮಾತು ಬರಿ."

ಚಿಕ್ಕಬಸಪ್ಪ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಇದರಾಗೆ ಗಂಡಸರನ್ನ ಬರಿಯೋ ರಿವಾಜು ಇಲ್ಲ ಯಜಮಾನ್ರೆ" ಎಂದ.

ಅವರು ನನ್ನ ಕಡೆ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಏನನ್ನಾದರೂ ಕೇಳಿದ್ದರೆ ಅದು ಆವತ್ತು, ಅದೂ ಬಾಯಿ ತೆರೆಯದೆ. ನನಗೆ ಪಾಪ ಅನ್ನಿಸಿತು. ಆ ಕೆಂಪು ಬಟ್ಟೆಯ ಗಂಟೂ ಕಣ್ಣಿಗೆ ಬಿತ್ತು.

"ಬರೀರಿ, ಪಾಪ, ಒಂದು ಮೂಲೇಲಿ" ಎಂದೆ. "ಕಾಟಮ್ಮನ ಗಂಡ, ತಳಕಿನವನು ಅಂತ. ಹೆಸರು ಬ್ಯಾಡ."